ಅಡುಗೆಮನೆಯ ಪಾಚಿಕಲ್ಲು

ಅತ್ತೆ ಜಾರಿ ಬಿದ್ದದ್ದು ಬೆಳಗಿನ ಹೊತ್ತು. ಚಳ್ಳಕೆರೆ ಬಸ್ಸಿಗೆ ಹೊತ್ತಾಯಿತೆಂದು ನಾನು ನಡುಮನೆಯಲ್ಲಿ ಸೀರೆ ನೆರಿಗೆ ಹಿಡಿಯುತ್ತಿದ್ದೆ. ಅಡುಗೆಮನೆಯಲ್ಲಿ ಕೊಡ ಉರುಳಿತು, ಹಿಂದೆಯೇ "ಅಯ್ಯೋ ಅವ್ವಾ" ಎಂಬ ಕೂಗು. ಓಡಿ ಹೋಗಿ ನೋಡಿದರೆ ಬಾಗಿಲ ಪಕ್ಕದ ಹಾಸುಬಂಡೆಯ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದರು. ಎತ್ತಲು ಹೋದರೆ ಕೈ ಮುಟ್ಟಿಸಿಕೊಳ್ಳಲಿಲ್ಲ. ಸೊಂಟದ ಕೀಲು ಮುರಿದಿತ್ತು.

ಅವರು ಬಿದ್ದ ಆ ಬಂಡೆಯ ಮೇಲೆ ನನಗೆ ಮದುವೆಯಾಗಿ ಬಂದಾಗಿನಿಂದಲೂ ಪ್ರೀತಿ. ನಾನು ಚಳ್ಳಕೆರೆಯ ಕಾಲೇಜೊಂದರಲ್ಲಿ ಭೂವಿಜ್ಞಾನದ ಅತಿಥಿ ಉಪನ್ಯಾಸಕಿ. ನಮ್ಮ ಮೊಳಕಾಲ್ಮುರಿನ ಸುತ್ತ ಎತ್ತ ನೋಡಿದರೂ ಗ್ರಾನೈಟ್ ಗುಡ್ಡಗಳೇ. ಕುದಿಯುವ ಶಿಲಾರಸ ನೆಲದಾಳದಲ್ಲಿ ಆರಿ ಗಟ್ಟಿಯಾದ ಕಲ್ಲು ಅದು. ಅದರಲ್ಲಿ ಜೀವದ ಗುರುತು ಹುಡುಕಿದರೂ ಸಿಗುವುದಿಲ್ಲ. ಆದರೆ ನಮ್ಮ ಮನೆಯ ನೆಲದ ಬಂಡೆಗಳು ಈ ಊರಿನವಲ್ಲ. ರೇಷ್ಮೆ ಸೀರೆ ನೇಯುತ್ತಿದ್ದ ನಮ್ಮ ಮಾವ, ಮಗ್ಗದ ಗುಂಡಿಯ ಸುತ್ತಲೂ ಅಡುಗೆಮನೆಗೂ ಹಾಸಲು ಆಂಧ್ರದ ಕಡೆಯಿಂದ ಲಾರಿಯಲ್ಲಿ ತರಿಸಿದ್ದ ಬೂದುಬಣ್ಣದ ಸುಣ್ಣಕಲ್ಲು. ಉಳಿದವೆಲ್ಲ ಬೋಳು. ಬಾಗಿಲ ಹತ್ತಿರದ ಅದೊಂದರಲ್ಲಿ ಮಾತ್ರ, ಈರುಳ್ಳಿಯನ್ನು ಅಡ್ಡ ಕೊಯ್ದಿಟ್ಟ ಹಾಗೆ ಬಳೆ ಒಳಗೆ ಬಳೆ. ಕಾಲೇಜಿನ ಬೀರುವಿನಲ್ಲಿ ಅಂಗೈಯಷ್ಟು ಚೂರಾಗಿದ್ದ ಇಂಥದೇ ಪಳೆಯುಳಿಕೆ, ಇಲ್ಲಿ ಮೊಣಕಾಲೂರಿ ಕೂತು ನೋಡಿದರೂ ಮುಗಿಯದಷ್ಟಿತ್ತು. ಮೊದಲ ಸಲ ನೋಡಿದ ದಿನ ಗಂಡನಿಗೆ ಸಂಭ್ರಮದಿಂದ ಹೇಳಿದ್ದೆ. "ಹಂಗಾ?" ಎಂದು ಅವರು ಊಟ ಮುಂದುವರಿಸಿದ್ದರು.

ಚಿತ್ರದುರ್ಗದಲ್ಲಿ ಆಪರೇಷನ್ ಆಗಿ ಅತ್ತೆ ಮನೆಗೆ ಬಂದ ಮೇಲೆ, ಗಂಡನ ಅಕ್ಕ ನಾಯಕನಹಟ್ಟಿಯಿಂದ ಬಂದರು. ಬಂದವರೇ ಅಡುಗೆಮನೆಗೆ ಹೋಗಿ ಆ ಬಂಡೆಯನ್ನು ಕಾಲಿನಿಂದ ತಿಕ್ಕಿ ನೋಡಿದರು.

"ಕನ್ನಡಿ ಹಂಗೆ ಸವೆದೈತಲ್ಲೋ. ಮೊದ್ಲು ಇದನ್ನ ಕೀಳಿಸಿ ಟೈಲ್ಸ್ ಹಾಕ್ಸು," ಎಂದರು ತಮ್ಮನಿಗೆ. ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕೆ ಸುಮ್ನೆ ನಿಂತೀಯ?" ಎಂದರು.

ಸೊಂಟ ಮುರಿದು ಮಲಗಿದವರ ಎದುರು, ಆ ಕಲ್ಲು ನನಗೆ ಬೇಕು ಅನ್ನುವುದಕ್ಕೆ ಬಾಯಿ ಬರಲಿಲ್ಲ. "ಹಾಕ್ಸೋಣ" ಎಂದೆ.

ಆ ತಿಂಗಳುಗಳು ಹೇಗೆ ಕಳೆದವೋ ಸರಿಯಾಗಿ ನೆನಪಿಲ್ಲ, ದಣಿವು ಮಾತ್ರ ನೆನಪಿದೆ. ಎದ್ದ ಕೂಡಲೇ ಅತ್ತೆಯ ಮೈ ಒರೆಸಿ, ಹಾಸಿಗೆ ಬದಲಿಸಿ, ಅಡುಗೆ ಮುಗಿಸಿ ಬಸ್ಸು ಹತ್ತಿದರೆ ಎಷ್ಟೋ ದಿನ ನಿಂತೇ ಪ್ರಯಾಣ. ಕ್ಲಾಸಿನಲ್ಲಿ ಮೂವರು ಹುಡುಗಿಯರು. ಮುಂದಿನ ವರ್ಷದಿಂದ ಭೂವಿಜ್ಞಾನಕ್ಕೆ ಪ್ರವೇಶ ಇಲ್ಲ ಎಂದು ಪ್ರಾಂಶುಪಾಲರು ಆಗಲೇ ಹೇಳಿದ್ದರು. ಮನೆಗೆ ಬಂದು ಅತ್ತೆಯನ್ನು ಆ ಮಗ್ಗುಲಿಗೆ ಹೊರಳಿಸುವಾಗ ಯಾರ ಸೊಂಟ ನೋಯುತ್ತಿದೆಯೋ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವರ ಬೆನ್ನಿಗೆ ಪೌಡರ್ ಹಾಕುತ್ತಿದ್ದೆ. ಗೋಡೆ ಕಡೆ ಮುಖ ಮಾಡಿಕೊಂಡೇ ಅವರು ಕೇಳಿದರು.

"ಆ ಕಲ್ಲಿನ ಮ್ಯಾಲೆ ನಿಂಗೆ ಭಾಳ ಆಸೆ ಐತಂತಲ್ಲ. ನಿನ್ ಗಂಡ ಹೇಳ್ದ. ಏನೈತೆ ಅದ್ರಾಗೆ?"

ನಾನು ಹೇಳಿದೆ. ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಆಂಧ್ರದ ಆ ಕಡೆಯೆಲ್ಲ ಆಳವಿಲ್ಲದ ಸಮುದ್ರ ಇತ್ತು ಅಂತ. ಅದರ ತಳದಲ್ಲಿ ಲೋಳೆಯಾದ ಪಾಚಿ ಚಾಪೆಯ ಹಾಗೆ ಹಬ್ಬಿತ್ತು, ಮೇಲೆ ಸಣ್ಣ ಕೆಸರು ಕೂರುತ್ತಿತ್ತು. ಬಿಸಿಲು ಬೇಕೆಂದು ಪಾಚಿ ಆ ಕೆಸರನ್ನು ದಾಟಿ ಮೇಲೆ ಬರುತ್ತಿತ್ತು, ಮತ್ತೆ ಕೆಸರು, ಮತ್ತೆ ಪಾಚಿ. ಪದರದ ಮೇಲೆ ಪದರ ಕೂತು ಗುಪ್ಪೆಯಾಗಿ, ಗುಪ್ಪೆಗಳೆಲ್ಲ ಕಲ್ಲಾದವು. ನಾವು ಎಳೆದುಕೊಳ್ಳುವ ಉಸಿರು ಕೂಡ ಇಂಥ ಪಾಚಿ ಬಿಟ್ಟ ಗಾಳಿಯಿಂದಲೇ ಶುರುವಾದದ್ದು ಎಂದೆ.

ಅತ್ತೆ ಗೋಡೆಯಿಂದ ಕತ್ತು ಹೊರಳಿಸಿ ನನ್ನ ಕಡೆ ನೋಡಿದರು.

"ಪಾಚಿನಾ?"

"ಹೂಂ ಅತ್ತೆ."

"ಕಲ್ಲಾದ್ರೂ ತನ್ ಬುದ್ಧಿ ಬಿಡ್ಲಿಲ್ಲ ನೋಡು. ಕೆಡವೇಬಿಡ್ತು ನನ್ನ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನಕ್ಕದ್ದಕ್ಕೆ ಹೊಲಿಗೆ ಹಾಕಿದ ಜಾಗ ಎಳೆದು ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದರು, ಹಾಗೆ ಹಿಡಿದುಕೊಂಡೇ ಅಳತೊಡಗಿದರು. ನನಗೂ ಕಣ್ಣೀರು ಬಂತು. ದುಃಖವೆಂದೇನಲ್ಲ, ಇಬ್ಬರಿಗೂ ಸಾಕಾಗಿತ್ತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಅವರೇ ಹೇಳಿದರು: "ಒಡೆಸೋದು ಬ್ಯಾಡ. ಕಿತ್ತು ಹಿತ್ತಲಾಗೆ ಇಡ್ಸು. ನಾನು ಮಾತ್ರ ಅದ್ರ ಮ್ಯಾಲೆ ಕಾಲಿಡಾಕಿಲ್ಲ."

ಗಾರೆಯವನು ಬಂದು ಹಾರೆ ಹಾಕಿ ಎತ್ತುವಾಗ ಬಂಡೆ ನಡುವೆ ಸೀಳಿ ಎರಡಾಯಿತು. "ಅಡೀಲಿ ಪೊಳ್ಳಿತ್ತು ಮೇಡಂ, ನನ್ ತಪ್ಪಿಲ್ಲ," ಎಂದ. ಎದೆ ಧಸಕ್ಕೆನ್ನಬೇಕಿತ್ತು. ನಿಜ ಹೇಳಬೇಕೆಂದರೆ ಏನೂ ಅನ್ನಿಸಲಿಲ್ಲ. ಧೂಳು ಅತ್ತೆಯ ಕೋಣೆಗೆ ಹೋಗದಿದ್ದರೆ ಸಾಕು ಎಂದುಕೊಂಡೆ. ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯಲು ಹೋದಾಗ, ಅಲ್ಲಿ ಒರಗಿಸಿಟ್ಟಿದ್ದ ಬಂಡೆಯ ಒಡೆದ ಅಂಚು ಕಣ್ಣಿಗೆ ಬಿತ್ತು. ಇಷ್ಟು ವರ್ಷ ನಾನು ಮೇಲಿನ ಬಳೆಗಳನ್ನಷ್ಟೇ ನೋಡಿದ್ದೆ. ಈಗ ಎರಡು ಬೆರಳಿನ ದಪ್ಪದಲ್ಲಿ, ಬೋರಲು ಹಾಕಿದ ಬಟ್ಟಲುಗಳ ಹಾಗೆ ಬಾಗಿದ ಪದರಗಳು ಕಾಣುತ್ತಿದ್ದವು. ಕೆಲವು ಕೂದಲಿನಷ್ಟು ತೆಳು. ಒಗೆದ ಬಟ್ಟೆ ಹೆಗಲ ಮೇಲಿರುವಂತೆಯೇ ಅಲ್ಲೇ ಕೂತುಬಿಟ್ಟೆ.

ಮರುವಾರ ಮೂವರು ವಿದ್ಯಾರ್ಥಿನಿಯರೂ ಬಸ್ಸಿನಲ್ಲಿ ಬಂದರು. ನೀರು ಹಾಕಿ ಕಲ್ಲು ತೊಳೆದು, ಲೆನ್ಸ್ ಹಿಡಿದು, ಸರದಿಯ ಮೇಲೆ ಬಗ್ಗಿ ನೋಡಿದರು. ಅಷ್ಟರಲ್ಲಿ ವಾಕರ್ ಊರಿಕೊಂಡು ಅತ್ತೆ ಹಿತ್ತಲ ಬಾಗಿಲಿಗೆ ಬಂದು ಕುರ್ಚಿಯಲ್ಲಿ ಕೂತರು.

"ಉಂಡು ಬಂದ್ರೇನವ್ವಾ?" ಎಂದು ಕೇಳಿ, ನನಗೆ ಮಂಡಕ್ಕಿ ಒಗ್ಗರಣೆ ಹಾಕಲು ಹೇಳಿದರು. ಆಮೇಲೆ ಅವರಲ್ಲಿ ದೊಡ್ಡಉಳ್ಳಾರ್ತಿ ಊರಿನ ಹುಡುಗಿಯನ್ನು ವಿಚಾರಿಸಿದರು. "ಈ ಪಾಚಿ ಇದ್ದಾಗ ಜನ ಇರ್ಲಿಲ್ವಾ?"

"ಇಲ್ಲಜ್ಜಿ. ದನ, ಕುರಿ, ಮೀನು, ಮರ ಏನೂ ಇರ್ಲಿಲ್ಲ."

"ಮತ್ತೆ ಸದ್ದು?"

ಹುಡುಗಿ ಯೋಚಿಸಿದಳು. "ನೀರಿಂದು, ಗಾಳೀದು. ಅಷ್ಟೇ ಇರಬೇಕು."

"ಎಷ್ಟು ಆರಾಮಿತ್ತು ನೋಡು," ಎಂದರು ಅತ್ತೆ. ಒಲೆಯ ಮುಂದೆ ನಿಂತು ಕೇಳಿಸಿಕೊಂಡ ನನಗೆ, ಕ್ಲಾಸಿನಲ್ಲಿ ಯಾರೂ ಸದ್ದಿನ ಈ ಪ್ರಶ್ನೆ ಕೇಳಿರಲಿಲ್ಲ ಅನ್ನಿಸಿತು.

ಪರೀಕ್ಷೆ ಮುಗಿದ ಮೇಲೆ ವಿಭಾಗ ಮುಚ್ಚಿತು. ಬೀರುವಿನ ಮಾದರಿಗಳನ್ನು ಚೀಲಕ್ಕೆ ತುಂಬಿ ಮೆಟ್ಟಿಲ ಕೆಳಗಿಟ್ಟರು. ನಾನೀಗ ಎಲ್ಲ ಸೆಕ್ಷನ್ನುಗಳಿಗೂ ಪರಿಸರ ಅಧ್ಯಯನದ ಪಾಠ ಹೇಳುತ್ತೇನೆ. ಕ್ಲಾಸಿನಲ್ಲಿ ಜನವೋ ಜನ, ಗಂಟಲು ಸಾಲುವುದಿಲ್ಲ. ಮೂವರಲ್ಲಿ ಒಬ್ಬಳು ಎಂಎಸ್ಸಿಗೆ ಸೇರಿದ್ದಾಳೆ. ಅತ್ತೆ ಕೋಲು ಹಿಡಿದು ಬೀದಿ ಬಾಗಿಲವರೆಗೆ ನಡೆಯುತ್ತಾರೆ. ಎರಡಾದ ಬಂಡೆ ಹಿತ್ತಲಲ್ಲೇ ಇದೆ. ಅಡುಗೆಮನೆಯ ಹೊಸ ಟೈಲ್ಸು ಒರಟು, ನೀರು ಚೆಲ್ಲಿದರೂ ಜಾರುವುದಿಲ್ಲ. ಆದರೆ ಆ ಒರಟಿನಲ್ಲಿ ಅರಿಶಿನದ ಕಲೆ, ಎಣ್ಣೆ ಜಿಡ್ಡು ಎಲ್ಲ ಕಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಕೂತು ಬ್ರಷ್ಷಿನಿಂದ ಉಜ್ಜಿ, ಆಮೇಲೆ ಬಸ್ಸಿಗೆ ಹೋಗುತ್ತೇನೆ.