ಇಲ್ಲೇ ಇರುವವರ ಸರದಿ

ನಮ್ಮ ಮನೆಗೆ ಬಂದವರೆಲ್ಲ ಒಂದು ಮಾತು ಕೇಳುತ್ತಿದ್ದರು. ಅದನ್ನು ಕೇಳುತ್ತಿದ್ದುದು ಊಟಕ್ಕೆ ಕುಳಿತ ಮೇಲೆ, ನಾನು ಹುಳಿಯ ಸೌಟು ಹಿಡಿದು ಎಲೆಯ ಮುಂದೆ ಬಗ್ಗಿದಾಗ. ಎಷ್ಟಾದರೂ ನಮ್ಮ ದೇಶವೇ ಚಂದ ಅಲ್ಲವೇ, ಅದರಲ್ಲೂ ಶೃಂಗೇರಿ, ಮನೆಯಿಂದ ನಾಲ್ಕು ಹೆಜ್ಜೆ ಇಟ್ಟರೆ ಶಾರದಮ್ಮ, ಇನ್ನೇನು ಬೇಕು ಎಂದು. ನಾನು ಹೌದು ಎನ್ನುತ್ತಿದ್ದೆ. ಬಗ್ಗಿ ಬಡಿಸುವವಳಿಗೆ ಬೇರೆ ಉತ್ತರ ಹೇಳಲು ಪುರುಸೊತ್ತು ಎಲ್ಲಿ?

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದಾಗಿನ ಮಾತು. ಅದಕ್ಕೆ ಮೊದಲು ನಾವು ಮಸ್ಕತ್ತಿನಲ್ಲಿದ್ದೆವು. ನಮ್ಮವರಿಗೆ ಅಲ್ಲಿ ಕರೆಂಟಿನ ಸಾಮಾನಿನ ಗೋದಾಮೊಂದನ್ನು ನೋಡಿಕೊಳ್ಳುವ ಕೆಲಸ. ಅಲ್ಲಿ ಸ್ವರ್ಗವಿತ್ತು ಎಂದು ನಾನು ಹೇಳುವುದಿಲ್ಲ. ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಸುಡುವ ನೀರೇ ಬರುತ್ತಿತ್ತು. ಬಾಲ್ಕನಿಯಲ್ಲಿ ಪೇಂಟಿನ ಡಬ್ಬಿಗೆ ಮಣ್ಣು ತುಂಬಿ ಹಾಕಿದ ತುಳಸಿ ಪ್ರತಿ ಬೇಸಿಗೆಗೂ ಒಣಗಿ ಹೋಗುತ್ತಿತ್ತು. ಪಕ್ಕದ ಮನೆಯ ಕೇರಳದ ಹೆಂಗಸು ರಜೆಗೆ ಊರಿಗೆ ಹೋದಾಗಲೆಲ್ಲ ಮರೆಯದೆ ತುಳಸಿಯ ಬೀಜ ತಂದು ಕೊಡುತ್ತಿದ್ದಳು. ಮೊದಲ ವರ್ಷ ನಾನು ಅತ್ತದ್ದೇ ಹೆಚ್ಚು. ಆದರೆ ಬೆಳಿಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ ದೀಪ ಹಚ್ಚಿ ಶಾರದಮ್ಮನ ಫೋಟೋದ ಮುಂದೆ ಕುಳಿತರೆ ಏಳು ಎನ್ನುವವರು ಯಾರೂ ಇರಲಿಲ್ಲ. ಪಾರಾಯಣ ಮುಗಿಸಿ ಕಾಫಿಯನ್ನು ಬಿಸಿ ಇರುವಾಗಲೇ ಕುಡಿಯುತ್ತಿದ್ದೆ. ಇದೂ ಒಂದು ಸುಖವೇ ಎಂದು ಯಾರಾದರೂ ನಗಬಹುದು. ಊರಿಗೆ ಬಂದ ಮೇಲೆ ಅದರ ಬೆಲೆ ನನಗೆ ತಿಳಿಯಿತು.

ಊರಿಗೆ ಬಂದದ್ದು ಮಗಳಿಗಾಗಿ. ಅವಳ ಅಕ್ಷರಾಭ್ಯಾಸ ಶಾರದಮ್ಮನ ಸನ್ನಿಧಿಯಲ್ಲೇ ಆಗಬೇಕು, ಶಾಲೆ ಏನಿದ್ದರೂ ಆಮೇಲೆ ಎಂದು ನಾನು ಹೇಳಿಕೊಂಡಿದ್ದೆ. ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ಬರೆಸುವ ಆ ಸ್ವಲ್ಪ ಹೊತ್ತಿಗಾಗಿ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮಕ್ಕಳು ನಮ್ಮ ನೆಲದಲ್ಲೇ ಬೆಳೆಯಲಿ ಎಂದು ಅತ್ತೆಯೂ ಫೋನಿನಲ್ಲಿ ಹೇಳುತ್ತಲೇ ಇದ್ದರು. ನಮ್ಮವರು ಕೆಲಸ ಬಿಟ್ಟು ಬಂದು ಕೊಪ್ಪದಲ್ಲಿ ಅಂಗಡಿ ಇಟ್ಟರು. ದೇವಸ್ಥಾನದಿಂದ ಎರಡು ಬೀದಿ ಆಚೆ ಇದ್ದ ಅತ್ತೆ ಮಾವನ ಮನೆಯಲ್ಲಿ ನಮ್ಮ ಸಂಸಾರ. ಇವರು ಬೆಳಗಿನ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಹಗಲು ಮನೆಯಲ್ಲಿ ಏನು ನಡೆಯುತ್ತದೆ ಎಂದು ಅವರಿಗೆ ಗೊತ್ತಾಗುತ್ತಿದ್ದುದು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ನೋಡಿ.

ಶೃಂಗೇರಿಯಲ್ಲಿ ಮನೆ ಇದ್ದವರಿಗೆ ನೆಂಟರ ಬರವಿಲ್ಲ. ಲಾಡ್ಜುಗಳು ಬೇಕಾದಷ್ಟಿವೆ. ಆದರೆ ನೆಂಟರ ಮನೆ ಇರುವಾಗ ಲಾಡ್ಜಿನಲ್ಲಿ ಇಳಿದರೆ ನಮಗೆ ಬೇಜಾರಾದೀತು ಎಂಬ ಚಿಂತೆ ಅವರಿಗೆ. ನಾವು ಮಗಳಿಗೆಂದು ಒಂದು ಶುಕ್ರವಾರ ಗೊತ್ತು ಮಾಡಿದರೆ ಸಾಕು, ಯಾರಾದರೊಬ್ಬರು ತಮ್ಮ ಮಗುವನ್ನು ಕರೆದುಕೊಂಡು ಅದೇ ಕಾರ್ಯಕ್ಕೆ ಬಂದಿಳಿಯುತ್ತಿದ್ದರು. ನಾನು ಮಡಿಯುಟ್ಟು ಅಡಿಗೆಗೆ ನಿಲ್ಲುತ್ತಿದ್ದೆ.

"ನಾವು ಇಲ್ಲೇ ಇರೋರಲ್ವೇನೆ," ಎನ್ನುತ್ತಿದ್ದರು ಅತ್ತೆ. "ಮುಂದಿನ ವಾರ ಮಾಡ್ಸಿದ್ರಾಯ್ತು. ಅವ್ರು ಪಾಪ ದೂರದಿಂದ ಬಂದಿದಾರೆ."

ಮಾತು ಸುಳ್ಳಲ್ಲ. ದೂರದಿಂದ ಬಂದವರನ್ನು ಕಾಯಿಸುವುದು ಹೇಗೆ? ಹಾಗೆ ಮುಂದಿನ ವಾರಗಳು ಕಳೆಯುತ್ತ ಹೋದವು. ಜೂನ್ ಬಂತು, ಶಾಲೆ ಶುರುವಾಯಿತು. ಟೀಚರು ಅ ಆ ಇ ಈ ಕಲಿಸಿಯೇ ಬಿಟ್ಟರು. ಮಗಳು ಅಡಿಗೆಮನೆಯ ಗೋಡೆಯ ಮೇಲೆ ಬಳಪದಲ್ಲಿ ಬರೆದು, ಅಮ್ಮ ನೋಡು ಎಂದು ಕರೆದಳು. ಖುಷಿಪಡುವುದು ಬಿಟ್ಟು ಗೋಡೆ ಹಾಳು ಮಾಡಿದಳೆಂದು ಗದರಿದೆ.

ಶ್ರಾವಣದ ಒಂದು ಶುಕ್ರವಾರ ಮಾತ್ರ ಬಿಡುವುದಿಲ್ಲ ಎಂದುಕೊಂಡೆ. ಇವರು ಅಂಗಡಿಗೆ ರಜೆ ಹಾಕಿದರು. ಮಗಳಿಗೆ ಹೊಸ ಲಂಗ ಹೊಲಿಸಿದ್ದೆ. ಗುರುವಾರ ಸಂಜೆ ಎನ್.ಆರ್.ಪುರದಿಂದ ನಾದಿನಿ ಬಂದಳು. ಅವಳ ಮಗನಿಗೂ ನಾಳೆಯೇ ಅಕ್ಷರಾಭ್ಯಾಸವಂತೆ. ಜೊತೆಗೆ ಅವಳ ಅತ್ತೆ ಮನೆಯವರು, ವ್ಯಾನು ತುಂಬ. ಅಂದರೆ ನಮ್ಮತ್ತೆಗೆ ಬೀಗರು. ಇಬ್ಬರು ಮಕ್ಕಳದೂ ಒಟ್ಟಿಗೇ ಮುಗಿಸೋಣ ಎಂದು ಇವರು ಮೆಲ್ಲಗೆ ಹೇಳಿ ನೋಡಿದರು. ನನಗೂ ಅದು ಸರಿ ಕಂಡಿತು.

"ಒಟ್ಟಿಗೆ ಆದ್ರೆ ಇವಳೂ ಅಲ್ಲಿ ಕೂರ್ಬೇಕಲ್ಲ," ಎಂದರು ಅತ್ತೆ. "ಅಡಿಗೆ ಯಾರು ಮಾಡದು? ಬೀಗರು ಬಂದು ಒಲೆ ಮುಂದೆ ಕಾಯ್ಬೇಕಾ?"

ಮರುದಿನ ಅವರೆಲ್ಲ ಹೊರಟಾಗ ಮಗಳೂ ಹೊಸ ಲಂಗ ಹಾಕಿಕೊಂಡು ಹಿಂದೆ ಹೋದಳು. ನಾನು ಹೋಳಿಗೆ ತಟ್ಟಿದೆ. ಕರೆಂಟು ಹೋಗಲಿಲ್ಲ, ಗ್ರೈಂಡರು ಕೈಕೊಡಲಿಲ್ಲ, ಹೂರಣ ನೀರಾಗಲಿಲ್ಲ. ಅಷ್ಟಾದರೂ ಶಾರದಮ್ಮ ನಡೆಸಿಕೊಟ್ಟಳು, ಇಲ್ಲವೆನ್ನಬಾರದು. ಹಿಂದಿರುಗಿ ಬಂದ ಮಗಳು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಳು. ಮಡಿಯಲ್ಲಿದ್ದ ನನ್ನನ್ನು ಮುಟ್ಟುವಂತಿರಲಿಲ್ಲ.

"ಅಮ್ಮ, ಅವ್ನಿಗೆ ಬರಿಯಕ್ಕೇ ಬರಲ್ಲ. ಅವ್ನಪ್ಪ ಕೈ ಹಿಡ್ಕೊಂಡು ಬರೆಸಿದ್ರು. ನಂಗೆ ಬರುತ್ತೆ ಅಂತ ನಾನು ಹೇಳ್ದೆ. ಸುಮ್ನಿರು ಅಂದ್ರು ಅಜ್ಜಿ."

ಆ ಮಧ್ಯಾಹ್ನ ಬಡಿಸುವಾಗ ನಾದಿನಿ, ಅತ್ತಿಗೆ ಪುಣ್ಯ ಮಾಡಿದ್ದರು, ಆ ಮರಳುಗಾಡಿನಲ್ಲೇ ಇದ್ದಿದ್ದರೆ ಇದೆಲ್ಲ ಎಲ್ಲಿ ಸಿಗುತ್ತಿತ್ತು ಎಂದಳು. ಬೀಗರು ತಲೆದೂಗಿದರು. ಯಾವುದೆಲ್ಲ ಎಂದು ನಾನು ಕೇಳಲಿಲ್ಲ. ಹೋಳಿಗೆಗೆ ತುಪ್ಪ ಹಾಕಿದೆ. ಸಂಜೆ ದೇವರ ಮುಂದೆ ಕುಳಿತಾಗ ಸ್ತೋತ್ರ ಬಾಯಿಗೆ ಬರಲಿಲ್ಲ. ದೂರವಿದ್ದಾಗ ನೀನೇ ನನ್ನನ್ನು ದಿನಾ ಮುಂದೆ ಕೂರಿಸಿಕೊಳ್ಳುತ್ತಿದ್ದೆ, ಹತ್ತಿರ ಕರೆದುಕೊಂಡು ಬಂದು ಅಡಿಗೆಮನೆಗೆ ಕಳಿಸಿದೆ, ಇದು ನ್ಯಾಯವೇ ತಾಯಿ ಎಂದು ಜಗಳವನ್ನೇ ಆಡಿದೆ.

ನವರಾತ್ರಿಗೆ ಮೊದಲು ಮಸ್ಕತ್ತಿನಿಂದ ಇವರ ಹಳೆಯ ಯಜಮಾನರ ಫೋನು ಬಂತು. ಗೋದಾಮಿಗೆ ಬಂದ ಹೊಸಬ ನಿಲ್ಲಲಿಲ್ಲ, ನೀವೇ ಬನ್ನಿ, ಸಂಸಾರವನ್ನೂ ಕರೆತನ್ನಿ ಎಂದರಂತೆ. ಮನೆಯಲ್ಲಿ ಎಲ್ಲರೂ ಬೇಡ ಎಂದರು. ಅತ್ತೆ ಮತ್ತೆ ನಮ್ಮ ನೆಲ, ನಮ್ಮ ದೇವರು ಎಂದರು. ಕೊಪ್ಪದ ಅಂಗಡಿ ಮುಳುಗುತ್ತಲೂ ಇರಲಿಲ್ಲ, ಏಳುತ್ತಲೂ ಇರಲಿಲ್ಲ. ಇವರು ಎರಡು ದಿನ ಒದ್ದಾಡಿ, ಎಲ್ಲರ ಎದುರೇ ನನ್ನ ಕಡೆ ತಿರುಗಿದರು.

"ಎಂತ ಮಾಡದು ಮಾರಾಯ್ತಿ? ನೀನೇ ಹೇಳು."

"ಹೋಗೋಣ," ಎಂದೆ. "ಅಲ್ಲಿ ದಿನಾ ಫೋಟೋದ ಮುಂದಾದ್ರೂ ಕೂರ್ತಿದ್ದೆ. ಇಲ್ಲಿ ಎರಡು ಬೀದಿ ಆಚೆ ಇದ್ದು ಅಮ್ಮನ ಮುಖ ನೋಡ್ದೆ ಎಷ್ಟು ದಿನ ಆಯ್ತು ಗೊತ್ತಾ ನಿಮಗೆ?"

ಅತ್ತೆ, ಹಾಗಾದರೆ ನಾವೇನು ನಿನ್ನನ್ನು ಕಟ್ಟಿ ಹಾಕಿದ್ದೆವಾ ಎಂದು ಕೇಳಿದರು. ಇಲ್ಲ ಎಂದೆ. ಯಾರೂ ಕಟ್ಟಿ ಹಾಕಿರಲಿಲ್ಲ. ಕಟ್ಟಿ ಹಾಕಿದ್ದರೆ ಬಿಡಿಸಿಕೊಳ್ಳಲು ಒಂದು ಗಂಟಾದರೂ ಕಾಣುತ್ತಿತ್ತು. ಅತ್ತೆ ಕೆಟ್ಟವರಲ್ಲ. ನನಗಿಂತ ಮೊದಲು ಅದೇ ಒಲೆಯ ಮುಂದೆ ನಿಂತವರು ಅವರೇ.

ದೀಪಾವಳಿ ಕಳೆದ ಮೇಲೆ ಹೊರಡುವುದೆಂದು ಗಟ್ಟಿಯಾಯಿತು. ಆ ವಾರವೇ ಅತ್ತೆ ಪಂಚಾಂಗ ನೋಡಿಸಿಕೊಂಡು ಬಂದರು.

"ಶುಕ್ರವಾರ ಕೂಸಿಂದು ಮುಗ್ಸಿ. ಹೊರಡೋರು ನೀವು, ಮತ್ತೆ ಯಾವಾಗ ಬರ್ತೀರೋ ಏನೋ. ಅಡಿಗೆ ನಾನು ನೋಡ್ಕೊಳ್ತೀನಿ."

ಶುಕ್ರವಾರ ನಾವು ಮೂವರೂ ಹೋದೆವು. ಸಾಲು ಉದ್ದವಿರಲಿಲ್ಲ. ಇವರು ಪಂಚೆಯುಟ್ಟು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆರಳು ಹಿಡಿಯಲು ಹೋದರೆ, ಅವಳು ಬಿಡಿಸಿಕೊಂಡು ಅಕ್ಕಿಯಲ್ಲಿ ತಾನೇ ಬರೆದುಬಿಟ್ಟಳು. ಭಟ್ಟರು ನಕ್ಕರು, ಒಂದು ಸಲ ಅಪ್ಪನ ಕೈಯಲ್ಲೂ ಬರಿ ಎಂದರು. ನನಗೆ ಅಮ್ಮನ ಮುಖವನ್ನು ಕಣ್ತುಂಬ ನೋಡಲು ಸಿಕ್ಕಿತು. ಕೈಮುಗಿದು ನಿಂತರೂ ಮನಸ್ಸಿನ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ಮನೆಗೆ ಬರುವಾಗ ಎಲೆ ಹಾಕಿಯಾಗಿತ್ತು. ಅತ್ತೆ ನನ್ನನ್ನೂ ಮೊದಲ ಪಂಕ್ತಿಯಲ್ಲಿ ಕೂರಿಸಿ ಬಿಸಿ ಅನ್ನ ಬಡಿಸಿದರು. ಹೊರಡುವವರು, ಚೆನ್ನಾಗಿ ಊಟ ಮಾಡು ಎಂದರು. ಅಷ್ಟರಲ್ಲಿ ಫೋನು ಬಂತು. ಮುತ್ತಿನಕೊಪ್ಪದ ನೆಂಟರು ಮುಂದಿನ ಶುಕ್ರವಾರ ಮಗುವನ್ನು ಕರೆತರುವವರಿದ್ದರು. ಈ ಸಲ ಆಗುವುದಿಲ್ಲ, ಮನೆಯಲ್ಲಿ ಸ್ವಲ್ಪ ಕೆಲಸವಿದೆ, ಲಾಡ್ಜಿನಲ್ಲಿ ಇಳಿದುಕೊಳ್ಳಿ ಎಂದು ಅತ್ತೆ ನಿಂತಲ್ಲೇ ಹೇಳಿ ಫೋನು ಇಟ್ಟರು. ಆ ಕಡೆಯವರು ಬೇಜಾರೂ ಮಾಡಿಕೊಳ್ಳಲಿಲ್ಲವಂತೆ.

ಆ ಮಾತನ್ನು ಯಾವ ಶುಕ್ರವಾರ ಬೇಕಾದರೂ ಹೇಳಬಹುದಿತ್ತು. ನಾನು ತಲೆ ತಗ್ಗಿಸಿ ಅನ್ನ ಕಲಸಿಕೊಂಡೆ.