ಮಗ್ಗಕ್ಕೊಂದು, ಅಮಾವಾಸ್ಯೆಗೊಂದು

ಗೆಳೆಯರೇ, ಇವತ್ತು ನನ್ನ ಎಲೆಕ್ಟ್ರಿಕ್ ಗಿಟಾರ್‌ಗೆ ನಾದದ ಚೂಪು-ಗಡಸು ಹೊಂದಿಸುವ ಈಕ್ವಲೈಸರ್ ಪೆಡಲ್ ಆರಿಸಿದೆ. ಮುಂಡರಗಿಯ ಗೆಳೆಯ ಎರಡು ಕೊಟ್ಟು, "ಬಾರಿಸಿ ನೋಡಲೇ, ಒಂದು ಇಟ್ಕೊ" ಅಂದಿದ್ದ. ಒಂದು ಸಾದಾ. ಇನ್ನೊಂದು ಎರಡು ಸೆಟ್ಟಿಂಗ್ ನೆನಪಿಡುವಂಥದ್ದು. ನನಗೆ ಸಾದಾ ಸಾಕಿತ್ತು. ಬೆಟಗೇರಿಯ ನಮ್ಮ ಓಣಿಯ ಮಗ್ಗಗಳ ಸದ್ದನ್ನು ಸೀಳುವಂತೆ ನಿನ್ನೆಯೇ ಅದರ ಗುಂಡಿಗಳನ್ನು ಏರಿಸಿಟ್ಟಿದ್ದೆ.

ಬೆಳಿಗ್ಗೆ ಆಂಪ್ಲಿಫೈಯರ್ ಹಚ್ಚಿ ತಂತಿ ಮೀಟಿದೆ. ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ಇವತ್ತು ಅಮಾವಾಸ್ಯೆ, ಮಗ್ಗಗಳಿಗೆ ರಜೆ ಎಂಬುದೇ ಮರೆತುಹೋಗಿತ್ತು.

ಎದುರುಮನೆಯಲ್ಲಿ ಸೀರೆ ನೇಯುವ ಗಂಗವ್ವ ಓಡಿಬಂದಳು. "ಏನಲೇ ಇದು, ಕಿವ್ಯಾಗ ಸೂಜಿ ಚುಚ್ಚಿದಂಗ ಆಗಾಕತ್ತೈತಿ!"

"ತಪ್ಪಾತಬೇ. ಮಗ್ಗದ ಸಪ್ಪಳದಾಗ ಯಾರಿಗೂ ಕೇಳಂಗಿಲ್ಲಂತ ಜೋರ್ ಇಟ್ಟಿದ್ದೆ."

"ಯಾರು ಹೇಳಿದ್ರು ಕೇಳಂಗಿಲ್ಲಂತ? ದಿನಾ ಮಗ್ಗದ ಮುಂದ ಕುಂತು ಕೇಳ್ತೀನಿ. ನಿನ್ನೆ ಸಂಜಿಮುಂದ ಬಾರಿಸಿದ್ದು ಭಾಳ ಚಲೋ ಇತ್ತು. ಅದನ್ನ ಸಾವಕಾಶ ಬಾರಿಸು."

ಕಟ್ಟೆಯ ಮೇಲೆ ಕೂತೇಬಿಟ್ಟಳು.

ಎರಡು ಸೆಟ್ಟಿಂಗಿನ ಪೆಡಲನ್ನೇ ಇಟ್ಟುಕೊಂಡೆ. ಒಂದು ಸೆಟ್ಟಿಂಗಿಗೆ 'ಮಗ್ಗ', ಇನ್ನೊಂದಕ್ಕೆ 'ಅಮಾವಾಸ್ಯೆ' ಎಂದು ಹೆಸರಿಟ್ಟಿದ್ದೇನೆ. ಮುಂದಿನ ಅಮಾವಾಸ್ಯೆಗೆ ಗಂಗವ್ವ ತಂಗಿಯನ್ನೂ ಕರೆತರುತ್ತಾಳಂತೆ. ನನ್ನ ಅಭಿಮಾನಿ ಬಳಗ ಒಂದೇ ದಿನದಲ್ಲಿ ಇಮ್ಮಡಿಯಾಗಿದೆ!