ಇನ್ನೂರು ಲೀಟರಿಗೆ ಎಷ್ಟು ಎಂಎಲ್‌?

ಲೀಟರನ್ನು ಎಂಎಲ್‌ ಮಾಡುವ ಲೆಕ್ಕದಲ್ಲಿ, ಜೀವಮಾನವಿಡೀ ಕೆಮಿಸ್ಟ್ರಿ ಪಾಠ ಹೇಳಿದ ನಾನು ಗೆದ್ದೆನೋ, ತಳಿ ಎಂಬ ಊರಿನ ಗುಲಾಬಿ ತೋಟದ ಮುನಿಯಮ್ಮ ಗೆದ್ದರೋ, ಊಹಿಸಿ ನೋಡೋಣ.

ನಾನು ಹೊಸೂರಿನಿಂದ ಅವರ ತೋಟಕ್ಕೆ ಸಸಿ ಕೊಳ್ಳಲು ಹೋಗಿದ್ದೆ. ಆಕೆ ಇನ್ನೂರು ಲೀಟರಿನ ಡ್ರಮ್ಮಿಗೆ ನುಸಿ ಔಷಧಿ ಬೆರೆಸಲು ನಿಂತಿದ್ದರು.

"ಯಾವಾಗ್ಲೂ ಮುಚ್ಚಳದಲ್ಲಿ ಅಳೀತಿದ್ದೆ. ಈ ಸಲ ಮುಚ್ಚಳಾನೇ ಬೇರೆ ಥರ ಐತೆ. ಚೀಟೀಲಿ ಏನು ಬರೆದವ್ರೆ, ವಸಿ ನೋಡಿ ಮೇಷ್ಟ್ರೇ."

ಲೀಟರಿಗೆ ಅರ್ಧ ಎಂಎಲ್‌ ಎಂದಿತ್ತು. ನನಗೆ ಹಬ್ಬವಾಯಿತು. ಲೀಟರೆಂದರೆ ಸಾವಿರ ಎಂಎಲ್‌, ಒಂದು ಎಂಎಲ್‌ ಎಂದರೆ ಸುಮಾರು ಇಪ್ಪತ್ತು ಹನಿ ಎಂದೆಲ್ಲ ವಿವರಿಸಿ, ಒದ್ದೆ ಬೆರಳಿನಲ್ಲಿ ಡ್ರಮ್ಮಿನ ಮೇಲೆ ಲೆಕ್ಕ ಬರೆದು, "ಪೂರಾ ಒಂದು ಲೀಟರ್‌ ಹಾಕಮ್ಮ" ಎಂದೆ.

ಆಕೆ ಕೈಯಲ್ಲಿದ್ದ ಕಾಲು ಲೀಟರಿನ ಬಾಟಲಿಯನ್ನೂ ನನ್ನನ್ನೂ ನೋಡಿದರು.

"ಇಂಥವು ನಾಕಾ? ಹೋದ್ಸಲ ಒಂದ್ರಲ್ಲೇ ಎರಡು ಡ್ರಮ್ಮು ಹೊಡೆದು ಮಿಕ್ಕಿತ್ತು. ನೀವು ಹೇಳ್ದಂಗೆ ಹಾಕಿದ್ರೆ ನುಸಿ ಜತೆಗೆ ಗಿಡಾನೂ ಸುಟ್ಟೋಗ್ತವೆ."

ಮತ್ತೆ ಲೆಕ್ಕ ಹಾಕಿದೆ. ನೂರೇ ಎಂಎಲ್‌ ಬಂತು. ಒಂದು ಸೊನ್ನೆ ಹೆಚ್ಚಾಗಿತ್ತು.

"ಬಿಡಿ ಮೇಷ್ಟ್ರೇ, ಇನ್ನೂ ಹಾಕಿರ್ಲಿಲ್ವಲ್ಲ" ಎಂದು ಸಮಾಧಾನ ಹೇಳಿ, ಕೆಂಪು ಗುಲಾಬಿಯೊಂದನ್ನು ಕಿತ್ತು ಕೊಟ್ಟರು. ಸಂತೋಷವಾಗಿಯೇ ತೆಗೆದುಕೊಂಡೆ. ಅವತ್ತು ಸೆಪ್ಟೆಂಬರ್‌ ಐದು, ಶಿಕ್ಷಕರ ದಿನಾಚರಣೆ.